ಶಾಲೆಗೆ ಹೋಗಲಾರೆನೆನ್ನುವ ಮಗು: ಕರಾವಳಿಯ ಹೆತ್ತವರಿಗೆ ಒಂದು ಕೈಪಿಡಿ

ಜೂನ್ ತಿಂಗಳ ಮೊದಲ ಎರಡು ವಾರಗಳಲ್ಲಿ ಒಂದನೇ ತರಗತಿಯ ಬಾಗಿಲಲ್ಲಿ ಅಳು ಕೇಳಿಸದ ಶಾಲೆ ಮಂಗಳೂರಿನಲ್ಲೂ ಇಲ್ಲ, ಉಡುಪಿಯಲ್ಲೂ ಇಲ್ಲ. ಮನೆಯವರ ಕೈಬಿಟ್ಟು ಹೊಸ ಜಾಗದಲ್ಲಿ ಕುಳಿತುಕೊಳ್ಳಬೇಕಾದ ಮಗು ಅಳುವುದು ಸಹಜ, ಮತ್ತು ಹೆಚ್ಚಿನ ಮಕ್ಕಳ ಅಳು ಅಮ್ಮ ಗೇಟು ದಾಟಿದ ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುತ್ತದೆ. ಅದಕ್ಕೆ ತಾಳ್ಮೆಯೊಂದೇ ಸಾಕು. ಆದರೆ ಆಗಸ್ಟ್ ಬಂದರೂ ಅಳು ನಿಲ್ಲದಿದ್ದಾಗ, ಅಥವಾ ನಗುನಗುತ್ತಾ ಹೋಗುತ್ತಿದ್ದ ಮಗು ಒಂದು ಬೆಳಗ್ಗೆ ಸಮವಸ್ತ್ರ ಹಾಕಲೊಲ್ಲೆನೆಂದು ಮೂಲೆಯಲ್ಲಿ ಕುಳಿತುಬಿಟ್ಟಾಗ, ಮನೆಯಲ್ಲಿ ಬೈಗುಳ, ಬೇಡಿಕೆ, ಆಮಿಷ, ಏಟು ಎಲ್ಲವೂ ಒಂದೇ ಗಂಟೆಯೊಳಗೆ ನಡೆದುಹೋಗುತ್ತವೆ, ಮತ್ತು ಕೊನೆಗೆ ಯಾರೋ ಒಬ್ಬರು ‘ಇವತ್ತೊಂದು ದಿನ ರಜೆ ಮಾಡಲಿ’ ಎನ್ನುತ್ತಾರೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಈ ‘ಇವತ್ತೊಂದು ದಿನ’ ಎಂಬುದು ವಾರಗಳಾಗಿ ಬೆಳೆಯುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಹೆತ್ತವರಿಗೆ ನಾನು ಹೇಳುವುದು ಇಷ್ಟು: ಮಗು ಏಕೆ ಹೋಗಲಾರದೆಂಬ ಕಾರಣವನ್ನು ಹುಡುಕುವ ಕೆಲಸವೂ ಮಗುವಿನ ಕಾಲು ದಿನಾ ಶಾಲೆಯ ಅಂಗಳ ಮುಟ್ಟುವಂತೆ ನೋಡಿಕೊಳ್ಳುವ ಕೆಲಸವೂ ಒಟ್ಟಿಗೆ ನಡೆಯಬೇಕು. ಕಾರಣ ಹುಡುಕದೆ ಎಳೆದೊಯ್ದರೆ ಮಗುವಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಕಾರಣ ಸಿಗುವವರೆಗೆ ಮನೆಯಲ್ಲಿರಿಸಿಕೊಂಡರೆ, ಮನೆಯಲ್ಲಿ ಕಳೆದ ಒಂದೊಂದು ದಿನವೂ ಮರುದಿನ ಹೊರಡುವುದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ.

ಈ ತೊಂದರೆ 5ರಿಂದ 7 ವರ್ಷದ ನಡುವೆ ಮತ್ತು 10–11ನೇ ವಯಸ್ಸಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಮೊದಲನೆಯದು ಅಂಗನವಾಡಿಯಿಂದ ಒಂದನೇ ತರಗತಿಗೆ ಬರುವ ಕಾಲ. ಎರಡನೆಯದು ಊರಿನ ಕಿರಿಯ ಪ್ರಾಥಮಿಕ ಶಾಲೆ ಮುಗಿಸಿ ಆರನೇ ತರಗತಿಗೆ ದೂರದ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಹೋಗಬೇಕಾದ ಕಾಲ. ಮನೆಯವರಿಗೆ ತಿಳಿಯದಂತೆ ಶಾಲೆ ತಪ್ಪಿಸಿ ಎಲ್ಲೋ ಸುತ್ತಾಡುವ ಮಕ್ಕಳ ವಿಷಯ ಬೇರೆ. ಇಲ್ಲಿ ಹೇಳುತ್ತಿರುವ ಮಗು ಮನೆಯವರ ಕಣ್ಣೆದುರೇ ಇರುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತೇನೆಂದು ಒಳಗೊಳಗೇ ನೋಯುತ್ತಲೂ ಇರುತ್ತದೆ. ಅದನ್ನು ಸೋಮಾರಿ ಎಂದು ಕರೆಯಬಾರದು.

ಮೊದಲು ಮೈಯ ಕಡೆ ನೋಡಿ

ಹೊಟ್ಟೆನೋವು, ತಲೆನೋವು, ವಾಕರಿಕೆ ಇವು ಸಾಮಾನ್ಯವಾಗಿ ಕೇಳಿಬರುವ ದೂರುಗಳು. ಭಾನುವಾರ ಸಂಜೆ ಶುರುವಾಗಿ ಸೋಮವಾರ ಬೆಳಗ್ಗೆ ಜೋರಾಗುವ, ಶಾಲೆಯ ವ್ಯಾನು ಹೋದ ಮೇಲೆ ಕಡಿಮೆಯಾಗುವ, ಜಿಲ್ಲಾಧಿಕಾರಿಗಳು ಮಳೆಯ ಕಾರಣಕ್ಕೆ ರಜೆ ಸಾರಿದ ಸುದ್ದಿ ಕೇಳಿದೊಡನೆ ಇಲ್ಲವಾಗುವ ನೋವು ಹೆದರಿಕೆಯಿಂದ ಬಂದದ್ದೆಂದು ಊಹಿಸಬಹುದು. ಹಾಗೆಂದು ಅದು ನಾಟಕವಲ್ಲ. ಮನಸ್ಸು ಹೆದರಿದಾಗ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ಪರೀಕ್ಷೆಯ ದಿನ ದೊಡ್ಡವರಿಗೂ ಆಗುವುದು ಅದೇ. ‘ಸುಳ್ಳು ಹೇಳಬೇಡ’ ಎಂದು ಗದರಿಸಿದರೆ ಮಗುವಿಗೆ ನೋವಿನ ಜೊತೆಗೆ ಅವಮಾನವೂ ಸೇರುತ್ತದೆ, ಅಷ್ಟೆ.

ಹಾಗಿದ್ದರೂ ಒಮ್ಮೆ ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಜಂತುಹುಳು, ಮೂತ್ರದ ಸೋಂಕು, ಮಲಬದ್ಧತೆ, ರಕ್ತಹೀನತೆ ಇವೆಲ್ಲ ಈ ವಯಸ್ಸಿನಲ್ಲಿ ಸಾಮಾನ್ಯ. ರಜಾದಿನಗಳಲ್ಲೂ ಇರುವ ನೋವು, ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ ಅಥವಾ ತೂಕ ಇಳಿಯುವುದರೊಂದಿಗೆ ಬರುವ ನೋವು ಇದ್ದರೆ ತಡಮಾಡಲೇಬಾರದು. ಕಣ್ಣು ಮತ್ತು ಕಿವಿಯನ್ನೂ ಪರೀಕ್ಷಿಸಿ. ಹಲಗೆಯ ಮೇಲಿನ ಅಕ್ಷರ ಕಾಣದ ಮಗು ‘ಕಾಣುವುದಿಲ್ಲ’ ಎಂದು ಹೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ತಪಾಸಣೆಗೆ ಬರುತ್ತದೆ. ತಂಡ ಬರುವ ದಿನವನ್ನು ಮುಖ್ಯೋಪಾಧ್ಯಾಯರಿಂದ ತಿಳಿದುಕೊಂಡು, ಆ ದಿನ ಮಗು ತಪ್ಪದೆ ಶಾಲೆಯಲ್ಲಿರುವಂತೆ ನೋಡಿಕೊಳ್ಳಿ.

ಹಿರಿಯರು ‘ಮಗು ಹೆದರಿದೆ, ಒಂದು ನೂಲು ಕಟ್ಟಿಸೋಣ’ ಎಂದರೆ ಅದಕ್ಕಾಗಿ ಮನೆಯಲ್ಲಿ ಜಗಳವಾಗುವುದು ಬೇಡ. ನೂಲಿನಿಂದ ಮಗುವಿಗೆ ಧೈರ್ಯ ಬಂದರೆ ಬರಲಿ, ಆದರೆ ಹೆದರಿಸಿದ್ದು ಏನೆಂದು ಕೇಳುವ ಕೆಲಸವನ್ನು ಅಲ್ಲಿಗೇ ಬಿಡಬೇಡಿ.

ಕಾರಣ ಹುಡುಕುವ ಬಗೆ

‘ಯಾಕೆ ಹೋಗುವುದಿಲ್ಲ, ಹೇಳು’ ಎಂಬ ಪ್ರಶ್ನೆಗೆ ಆರು ವರ್ಷದ ಮಗುವಿನಿಂದ ಉತ್ತರ ಬರುವುದಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಕೇಳಿದರಂತೂ ಅಳುವೇ ಉತ್ತರ. ಸಂಜೆ ತಲೆಗೆ ಎಣ್ಣೆ ಹಚ್ಚುವಾಗ, ಹೂ ಕಟ್ಟುವಾಗ, ಅಂಗಡಿಗೆ ಜೊತೆಯಲ್ಲಿ ನಡೆದು ಹೋಗುವಾಗ, ಮುಖಕ್ಕೆ ಮುಖ ಕೊಟ್ಟು ಕೂರದೆ ಇರುವ ಹೊತ್ತಿನಲ್ಲಿ ಕೇಳಿ. ದೊಡ್ಡ ಪ್ರಶ್ನೆ ಬೇಡ. ವ್ಯಾನಿನಲ್ಲಿ ಯಾರ ಪಕ್ಕ ಕೂರುತ್ತೀ, ಊಟದ ಹೊತ್ತಿಗೆ ಯಾರ ಜೊತೆ ಇರುತ್ತೀ, ಒಂದಕ್ಕೆ ಹೋಗಬೇಕಾದರೆ ಟೀಚರಿಗೆ ಏನೆಂದು ಹೇಳುತ್ತೀ ಎಂಬಂತಹ ಸಣ್ಣ ಪ್ರಶ್ನೆಗಳಿಗೆ ಮಕ್ಕಳು ಉತ್ತರಿಸುತ್ತಾರೆ. ಒಂದು ಕಾಗದದ ಮೇಲೆ ಶಾಲೆಯ ಚಿತ್ರ ಬರೆಯಲು ಹೇಳಿ, ಇಷ್ಟದ ಜಾಗಕ್ಕೆ ಹಸಿರು, ಇಷ್ಟವಿಲ್ಲದ ಜಾಗಕ್ಕೆ ಕೆಂಪು ಬಳಿಯಲು ಹೇಳಿದರೆ, ಕೆಂಪು ಬಳಿದ ಮೂಲೆಯೇ ಅರ್ಧ ಕಥೆ ಹೇಳುತ್ತದೆ.

ಚೀಲವನ್ನೂ ನೋಡಿ. ಎರಡನೇ ತರಗತಿಯ ಒಬ್ಬ ಹುಡುಗಿ ದಿನಾ ಬೆಳಗ್ಗೆ ಹೊಟ್ಟೆನೋವೆಂದು ಅಳುತ್ತಿದ್ದಳು. ಬೆಳಗ್ಗೆ ತುಂಬಿಸಿ ಕಳುಹಿಸಿದ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ಮರಳುತ್ತಿದೆ ಎಂಬುದನ್ನು ಮೊದಲು ಗಮನಿಸಿದವರು ಅವಳ ಅಜ್ಜಿ. ಶಾಲೆಯ ಹುಡುಗಿಯರ ಶೌಚಾಲಯದ ಚಿಲಕ ಮುರಿದಿತ್ತು. ಒಮ್ಮೆ ಅವಳು ಒಳಗಿದ್ದಾಗ ದೊಡ್ಡ ತರಗತಿಯವರು ಬಾಗಿಲು ತಳ್ಳಿ ನಕ್ಕಿದ್ದರು. ಅಂದಿನಿಂದ ಅವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು, ಹೋಗಬೇಕಾಗಬಾರದೆಂದು ನೀರು ಕುಡಿಯುವುದನ್ನೂ ಬಿಟ್ಟಿದ್ದಳು, ಸಂಜೆಯವರೆಗೆ ತಡೆದುಕೊಂಡು ನಿಜವಾದ ಹೊಟ್ಟೆನೋವನ್ನೇ ತಂದುಕೊಂಡಿದ್ದಳು. ಹೊಸ ಚಿಲಕ ಹಾಕಿಸಿ, ಜೊತೆಗೆ ಹೋಗಲು ಒಬ್ಬ ಗೆಳತಿಯನ್ನು ಗೊತ್ತುಮಾಡಿದ ಮೇಲೆ ಅವಳ ಬೆಳಗಿನ ಅಳು ನಿಂತಿತು. ಬಾಟಲಿ, ಬುತ್ತಿಯಲ್ಲಿ ಉಳಿದ ಊಟ, ಹರಿದ ಪುಸ್ತಕ, ಕಳೆದುಹೋದ ಪೆನ್ಸಿಲ್, ಅಂಗಿಯ ಕಿತ್ತ ಗುಂಡಿ ಇವುಗಳಲ್ಲಿ ಮಗು ಬಾಯಿಬಿಟ್ಟು ಹೇಳದ ಸಂಗತಿಗಳಿರುತ್ತವೆ.

ಶಾಲೆಯೊಳಗಿನ ಕಾರಣಗಳಲ್ಲಿ ಭಾಷೆಯದ್ದು ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಗಮನಿಸಬೇಕಾದ ವಿಷಯ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಮಾತ್ರ ಕೇಳಿ ಬೆಳೆದ ಮಗು ಕನ್ನಡ ಮಾಧ್ಯಮದಲ್ಲಿ ಕುಳಿತಾಗಲೂ ಮೊದಲ ತಿಂಗಳುಗಳಲ್ಲಿ ತಡವರಿಸುತ್ತದೆ. ಇಂಗ್ಲಿಷ್ ಮಾಧ್ಯಮವಾದರೆ ಈ ಕಷ್ಟ ಇಮ್ಮಡಿಯಾಗುತ್ತದೆ. ಬಾಯಾರಿಕೆಯನ್ನೂ ಹೇಳಲಾಗದ ಜಾಗದಲ್ಲಿ ಇಡೀ ದಿನ ಕುಳಿತಿರುವುದು ಎಂತಹ ಶಿಕ್ಷೆಯೆಂದು ಯೋಚಿಸಿ. ‘ನೀರು ಕುಡಿಯಬೇಕು’, ‘ಹೊರಗೆ ಹೋಗಬೇಕು’, ‘ನನಗೆ ತಿಳಿಯಲಿಲ್ಲ’, ‘ಅವನು ಹೊಡೆದ’ ಎಂಬ ಕೆಲವು ಮಾತುಗಳನ್ನು ಶಾಲೆಯ ಭಾಷೆಯಲ್ಲಿ ಮನೆಯಲ್ಲೇ ಆಟವಾಡಿಸುತ್ತಾ ರೂಢಿ ಮಾಡಿಸಿ, ಮತ್ತು ಮೊದಲ ತಿಂಗಳುಗಳಲ್ಲಿ ಮಗು ಮನೆಮಾತಿನಲ್ಲಿ ಹೇಳಿದರೂ ಕೇಳಿಸಿಕೊಳ್ಳಬೇಕೆಂದು ಶಿಕ್ಷಕರನ್ನು ಕೇಳಿಕೊಳ್ಳಿ. ಓದುವ, ಬರೆಯುವ ಕಷ್ಟವೂ ಹೀಗೆಯೇ ಅಡಗಿರುತ್ತದೆ. ಉಕ್ತಲೇಖನ ಅಥವಾ ಮಗ್ಗಿ ಒಪ್ಪಿಸುವ ದಿನವೇ ನೋವು ಬರುತ್ತಿದ್ದರೆ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಗಮನಿಸಿ.

ಮನೆಯೊಳಗಿನ ಕಾರಣಗಳನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ ವರ್ಷವಿಡೀ ಮನೆಯಲ್ಲಿರುವುದಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ, ಮಲ್ಪೆಯ ಅಥವಾ ಮಂಗಳೂರು ಬಂದರಿನ ದೋಣಿಯಲ್ಲಿ ದುಡಿಯುವ ತಂದೆ ಆ ಎರಡು ತಿಂಗಳು ಮಗುವಿನ ಪಕ್ಕದಲ್ಲಿದ್ದು, ಆಗಸ್ಟಿನಲ್ಲಿ ಮತ್ತೆ ಕಡಲಿಗಿಳಿಯುತ್ತಾರೆ. ಗಲ್ಫಿನಲ್ಲಿರುವ ತಂದೆ ರಜೆ ಮುಗಿಸಿ ವಿಮಾನ ಹತ್ತಿದ ಮರುವಾರವೇ ಮಗು ಶಾಲೆ ಬೇಡವೆನ್ನುವುದನ್ನೂ ನೋಡಿದ್ದೇವೆ. ಇಂತಹ ಮಗುವಿಗೆ ಶಾಲೆಯ ಹೆದರಿಕೆ ಇರುವುದಿಲ್ಲ. ತಾನು ಶಾಲೆಯಲ್ಲಿದ್ದಾಗ ಅಮ್ಮನೂ ಹೊರಟುಹೋದರೆ ಎಂಬ ಹೆದರಿಕೆ ಇರುತ್ತದೆ. ಹೊಸ ಮಗುವಿನ ಜನನ, ಅಜ್ಜನ ಸಾವು, ಗಂಡಹೆಂಡಿರ ಜಗಳ, ಅಮ್ಮನ ಕಾಯಿಲೆ ಇವುಗಳ ನಂತರವೂ ಮಗು ಮನೆಯನ್ನು ಕಾಯಲು ನಿಲ್ಲುತ್ತದೆ. ಅಪ್ಪ ಹೊರಡುವ ದಿನವನ್ನು ಮುಚ್ಚಿಡದೆ ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕರೆ ಮಾಡುವ ಹೊತ್ತನ್ನು ಶಾಲೆ ಬಿಟ್ಟ ಮೇಲಕ್ಕೆ ಗೊತ್ತುಮಾಡಿದರೆ ಮಗುವಿಗೆ ಹಿಡಿದುಕೊಳ್ಳಲು ಒಂದು ಆಧಾರ ಸಿಗುತ್ತದೆ.

ಇನ್ನು ಕೆಲವು ಮಕ್ಕಳಿಗೆ ಮನೆಯಲ್ಲಿ ಮೊಬೈಲು, ಟಿವಿ ಮತ್ತು ಅಜ್ಜಿಯ ದೋಸೆ ಇರುವುದರಿಂದ ಶಾಲೆ ಬೇಡವಾಗಿರುತ್ತದೆ. ಇದು ಸುಲಭವಾಗಿ ಸರಿಪಡಿಸಬಹುದಾದದ್ದು, ಮುಂದೆ ಹೇಳುತ್ತೇನೆ.

ಶಾಲೆಯೊಂದಿಗೆ ಮಾತು

ಮೂರನೆಯ ದಿನಕ್ಕಿಂತ ಹೆಚ್ಚು ಕಾಯದೆ ತರಗತಿ ಶಿಕ್ಷಕರನ್ನು ಕಾಣಿರಿ. ಮಗುವಿನ ಎದುರು ಬೇಡ, ಗೇಟಿನ ಬಳಿ ನಿಂತುಕೊಂಡು ಬೇಡ, ತರಗತಿಯ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ಬರೆದದ್ದನ್ನು ಇತರ ಹೆತ್ತವರು ತಮ್ಮ ಮಕ್ಕಳ ಮುಂದೆ ಓದುತ್ತಾರೆ, ಮರುದಿನ ತರಗತಿಯಲ್ಲಿ ಅದು ಗೇಲಿಯ ಮಾತಾಗುತ್ತದೆ. ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಸಮಯ ಕೇಳಿ. ದೂರು ಹೇಳಲು ಬಂದವರಂತೆ ಶುರುಮಾಡದೆ, ‘ಮನೆಯಲ್ಲಿ ಹೀಗಾಗುತ್ತಿದೆ ಟೀಚರ್, ನಿಮಗೆ ತರಗತಿಯಲ್ಲಿ ಏನು ಕಾಣುತ್ತದೆ?’ ಎಂದು ಕೇಳಿದರೆ ಶಿಕ್ಷಕರು ತಾವು ಕಂಡದ್ದನ್ನು ಮನಬಿಚ್ಚಿ ಹೇಳುತ್ತಾರೆ. ಯಾವ ಅವಧಿಯಲ್ಲಿ ಮಗು ಸಪ್ಪಗಾಗುತ್ತದೆ, ಆಟದ ಹೊತ್ತಿನಲ್ಲಿ ಯಾರೊಂದಿಗೆ ಇರುತ್ತದೆ, ಬಿಸಿಯೂಟ ಸರಿಯಾಗಿ ಮಾಡುತ್ತದೆಯೇ ಎಂಬುದನ್ನು ತಿಳಿದುಕೊಳ್ಳಿ.

ಶಾಲೆಯಿಂದ ಕೇಳಿಕೊಳ್ಳಬಹುದಾದದ್ದು ಸಣ್ಣಸಣ್ಣದೇ. ಬೆಳಗ್ಗೆ ಗೇಟಿನಲ್ಲಿ ಮಗುವನ್ನು ಕೈಹಿಡಿದು ಕರೆದೊಯ್ಯುವ ಒಬ್ಬರು, ಅವರು ದಿನಾ ಅದೇ ವ್ಯಕ್ತಿಯಾಗಿರಬೇಕು. ಬಂದೊಡನೆ ಮಾಡಲು ಒಂದು ಕೆಲಸ: ಕ್ಷೀರಭಾಗ್ಯದ ಹಾಲಿನ ಲೋಟಗಳನ್ನು ಜೋಡಿಸುವುದು, ಹಾಜರಿ ಪುಸ್ತಕ ಕೊಂಡೊಯ್ಯುವುದು, ಗಿಡಗಳಿಗೆ ನೀರು ಹಾಕುವುದು. ತನಗಾಗಿ ಕೆಲಸವೊಂದು ಕಾದಿದೆಯೆಂದು ತಿಳಿದ ಮಗುವಿಗೆ ಗೇಟು ದಾಟಲು ಒಂದು ನೆಪ ಸಿಗುತ್ತದೆ. ಹೆದರಿಕೆ ಜೋರಾದಾಗ ಐದು ನಿಮಿಷ ಹೋಗಿ ಕುಳಿತುಕೊಳ್ಳಲು ಒಂದು ಜಾಗವನ್ನೂ ಗೊತ್ತುಮಾಡಿ, ಆದರೆ ‘ಅಳುತ್ತಿದ್ದಾನೆ, ಬಂದು ಕರೆದುಕೊಂಡು ಹೋಗಿ’ ಎಂಬ ಕರೆ ಮಾತ್ರ ಬರದಂತೆ ಮೊದಲೇ ಒಪ್ಪಂದವಾಗಲಿ.

ಕಾರಣ ಏಟು ಅಥವಾ ಅವಮಾನವೆಂದು ತಿಳಿದುಬಂದರೆ ಸುಮ್ಮನಿರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೊದಲು ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ. ಸರಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡಿ. ಪರಿಹಾರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಬರೆಯಿರಿ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿರುತ್ತದೆ.

ಬೆಳಗಿನ ಒಂದು ಗಂಟೆ

ಬೆಳಗಿನ ಜಗಳ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು; ಏಳೂವರೆಗೆ ವ್ಯಾನು ಬರುವ ಮನೆಯಲ್ಲಿ ಮಗು ಒಂಬತ್ತು ಗಂಟೆಯ ಹೊತ್ತಿಗೆ ಮಲಗಿರಬೇಕು ಎಂದಾಯಿತು. ಚೀಲ, ಡೈರಿ, ಕೊಡೆ ಎಲ್ಲವೂ ರಾತ್ರಿಯೇ ಬಾಗಿಲ ಬಳಿ ಸಿದ್ಧವಾಗಿರಲಿ. ಮಳೆಗಾಲದಲ್ಲಿ ಒಣಗದ ಸಮವಸ್ತ್ರದ ಕಷ್ಟ ನಮ್ಮೂರಿನವರಿಗೇ ಗೊತ್ತು. ಒದ್ದೆ ಕಾಲುಚೀಲ, ಮುಗ್ಗಲು ವಾಸನೆಯ ಅಂಗಿ ತೊಟ್ಟು ಹೋಗಲು ಮೊದಲೇ ಹಿಂಜರಿಯುವ ಮಗುವಿಗೆ ಇನ್ನೊಂದು ನೆಪವಾಗುತ್ತದೆ, ಹಾಗಾಗಿ ಇಸ್ತ್ರಿ ಪೆಟ್ಟಿಗೆಯ ಕೆಲಸವನ್ನೂ ರಾತ್ರಿಯೇ ಮುಗಿಸಿಡಿ.

ಬೆಳಗ್ಗೆ ಮಾತು ಕಡಿಮೆಯಿರಲಿ. ‘ಇವತ್ತು ಶಾಲೆಗೆ ಹೋಗುತ್ತೀಯಾ ಮಗಾ?’ ಎಂದು ಕೇಳಬೇಡಿ, ಅದು ‘ಇಲ್ಲ’ ಎನ್ನಲು ಕೊಟ್ಟ ಅವಕಾಶ. ‘ನೀಲಿ ಕೊಡೆಯೋ, ರೈನ್‌ಕೋಟೋ?’ ಎಂದು ಕೇಳಿ. ನೋವೆಂದು ಹೇಳಿದರೆ, ‘ನಿನಗೆ ಹೊಟ್ಟೆ ನೋಯುತ್ತಿದೆ, ನನಗೆ ಗೊತ್ತು. ಶಾಲೆಗೆ ಹೋದರೂ ಅದು ಮೆಲ್ಲಗೆ ಕಡಿಮೆಯಾಗುತ್ತದೆ. ಟೀಚರಿಗೆ ಹೇಳಿದ್ದೇನೆ’ ಎಂದು ಒಂದೇ ಸ್ವರದಲ್ಲಿ ಹೇಳಿ ಮುಂದಿನ ಕೆಲಸಕ್ಕೆ ಹೋಗಿ. ದಿನಾ ಅದೇ ಮಾತು, ಅದೇ ಸ್ವರ. ಅಮ್ಮ ಬಿಟ್ಟುಬರುವಾಗ ಅಳು ಜೋರಾಗುವುದಾದರೆ ಕೆಲವು ದಿನ ಅಪ್ಪನೋ ಮಾವನೋ ಚಿಕ್ಕಮ್ಮನೋ ಬಿಟ್ಟುಬರಲಿ.

ಗೇಟಿನಲ್ಲಿ ಬೀಳ್ಕೊಡುವುದು ಚುಟುಕಾಗಿರಬೇಕು. ಕಿಟಕಿಯಲ್ಲಿ ಇಣುಕುತ್ತಾ ನಿಲ್ಲುವುದು, ಮರಳಿ ಬಂದು ಇನ್ನೊಮ್ಮೆ ಮುದ್ದಿಸುವುದು ಇವು ಪ್ರೀತಿಯಿಂದ ಮಾಡುವಂಥವೇ, ಆದರೆ ಇಲ್ಲಿ ಹೆದರಬೇಕಾದದ್ದು ಏನೋ ಇದೆಯೆಂದು ಅವು ಮಗುವಿಗೆ ತಿಳಿಸುತ್ತವೆ. ಮಗುವಿಗೆ ಕಾಣದಂತೆ ಜಾರಿಕೊಳ್ಳುವುದೂ ತಪ್ಪು. ‘ಐದು ನಿಮಿಷದಲ್ಲಿ ಬರುತ್ತೇನೆ’ ಎಂದು ಹೇಳಿ ಸಂಜೆ ಬರುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಮರುದಿನ ನಿಜ ಹೇಳಿದರೂ ಮಗು ನಂಬುವುದಿಲ್ಲ. ‘ಊಟವಾಗಿ, ಆಟವಾಗಿ, ಕೊನೆಯ ಗಂಟೆ ಹೊಡೆದಾಗ ನಾನು ಇದೇ ಮರದ ಕೆಳಗೆ ಇರುತ್ತೇನೆ’ ಎಂದು ಹೇಳಿ, ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇರಿ. ಪೊಲೀಸರನ್ನು ಕರೆಯುತ್ತೇನೆ, ಹಾಸ್ಟೆಲಿಗೆ ಹಾಕುತ್ತೇನೆ ಎಂಬ ಬೆದರಿಕೆಗಳನ್ನು ದಯವಿಟ್ಟು ಬಾಯಿಗೆ ತರಬೇಡಿ. ಮನೆಯಿಂದ ದೂರವಾಗುವ ಭಯದಿಂದಲೇ ಅಳುತ್ತಿರುವ ಮಗುವಿಗೆ ಅದೇ ಭಯವನ್ನು ತೋರಿಸುವುದು ಕ್ರೂರತನ.

ಹಲವು ದಿನ ತಪ್ಪಿದ್ದರೆ

ಒಂದೆರಡು ವಾರ ಮನೆಯಲ್ಲೇ ಉಳಿದ ಮಗುವನ್ನು ಒಮ್ಮೆಲೇ ಇಡೀ ದಿನಕ್ಕೆ ಕಳುಹಿಸಲು ಹೊರಟರೆ ಸೋಲುವ ಸಾಧ್ಯತೆ ಹೆಚ್ಚು. ಹಂತಹಂತವಾಗಿ ಮರಳಿಸಿ. ಶಾಲೆ ಬಿಟ್ಟ ಮೇಲೆ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗಿ, ಮಗು ತನ್ನ ಬೆಂಚನ್ನು ಮುಟ್ಟಿ ಬರಲಿ. ಮರುದಿನ ಇಷ್ಟದ ಅವಧಿ ಯಾವುದೋ, ಚಿತ್ರಕಲೆಯೋ ಆಟವೋ, ಅದರಲ್ಲಿ ಮಾತ್ರ ಕೂರಲಿ. ಆಮೇಲೆ ಬೆಳಗಿನ ಪ್ರಾರ್ಥನೆಯಿಂದ ಬಿಸಿಯೂಟದವರೆಗೆ, ಬಳಿಕ ಪೂರ್ತಿ ದಿನ. ಒಂದು ಹಂತದಲ್ಲಿ ಕಾಲೂರಿದ ಮೇಲೆಯೇ ಮುಂದಿನದಕ್ಕೆ ಹೋಗಿ, ಆದರೆ ಒಂದೇ ಹಂತದಲ್ಲಿ ವಾರಗಟ್ಟಲೆ ನಿಲ್ಲಬೇಡಿ. ಹೆಜ್ಜೆಗಳನ್ನು ಶಿಕ್ಷಕರು, ಹೆತ್ತವರು ಮತ್ತು ಮಗು ಮೂವರೂ ಕುಳಿತು ನಿಶ್ಚಯಿಸಿ ಕಾಗದದಲ್ಲಿ ಬರೆದುಕೊಂಡರೆ ಯಾರೂ ನಡುವೆ ಮಾತು ತಪ್ಪಿಸುವುದಿಲ್ಲ.

ಮನೆಯಲ್ಲುಳಿದ ದಿನವಾದರೂ ಅದು ರಜಾದಿನದಂತೆ ಇರಕೂಡದು. ಶಾಲೆಯ ಹೊತ್ತಿನಲ್ಲಿ ಟಿವಿ, ಮೊಬೈಲು, ಪೇಟೆ ಸುತ್ತಾಟ ಇಲ್ಲ. ಆ ದಿನದ ಪಾಠ, ಊಟ, ವಿಶ್ರಾಂತಿ ಅಷ್ಟೆ. ಇದನ್ನು ಶಿಕ್ಷೆಯೆಂದು ಹೇಳದೆ, ಸಿಟ್ಟು ತೋರದೆ ನಡೆಸಬೇಕು. ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನು ಮೊದಲೇ ಕೂರಿಸಿ ಮಾತನಾಡಿ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಮರುಕದಿಂದ ಕೊಟ್ಟರೆ ಇಡೀ ಯೋಜನೆ ಬಿದ್ದುಹೋಗುತ್ತದೆ, ಮತ್ತು ಅಜ್ಜಿಯ ಮರುಕವನ್ನು ತಪ್ಪೆನ್ನಲೂ ಆಗುವುದಿಲ್ಲ. ಪೂರ್ತಿ ದಿನ ಶಾಲೆಯಲ್ಲಿದ್ದು ಬಂದ ಸಂಜೆ ಅದೇ ಅಜ್ಜಿ ಕಥೆ ಹೇಳಲಿ, ನೀರ್ದೋಸೆ ಮಾಡಿಕೊಡಲಿ.

ರಜೆಯ ನಂತರದ ಮೊದಲ ದಿನವನ್ನು ಎಚ್ಚರದಿಂದ ನೋಡಿಕೊಳ್ಳಬೇಕು. ದಸರಾ ರಜೆ, ಒಂದು ವಾರದ ಜ್ವರ, ಸಾಲುಸಾಲು ಮಳೆರಜೆ, ಇವುಗಳ ಬಳಿಕ ಗುಣವಾದ ಮಗುವೂ ಮತ್ತೆ ಹಿಂಜರಿಯುತ್ತದೆ. ರಜೆಯಲ್ಲೂ ಏಳುವ ಹೊತ್ತನ್ನು ಬದಲಿಸಬೇಡಿ. ಶಾಲೆ ತೆರೆಯುವ ಮುನ್ನಾದಿನ ಸಹಪಾಠಿಯೊಬ್ಬರ ಮನೆಗೆ ಹೋಗಿಬನ್ನಿ. ನೇಮಕ್ಕೋ ಬಯಲಾಟಕ್ಕೋ ರಾತ್ರಿಯಿಡೀ ಕರೆದೊಯ್ಯುವುದಿದ್ದರೆ ಮರುದಿನ ಭಾನುವಾರವಿರುವಂತೆ ನೋಡಿಕೊಳ್ಳಿ.

ತಜ್ಞರ ಬಳಿ ಹೋಗುವುದು ಯಾವಾಗ

ಮನೆ ಮತ್ತು ಶಾಲೆ ಸೇರಿ ಪ್ರಯತ್ನಿಸಿಯೂ ಎರಡು ವಾರಗಳಲ್ಲಿ ಏನೂ ಬದಲಾಗದಿದ್ದರೆ ಮಕ್ಕಳ ಮನಸ್ಸಿನ ತಜ್ಞರನ್ನು ಕಾಣಬೇಕು. ಊಟ ನಿದ್ದೆ ಕೆಟ್ಟಿದ್ದರೆ, ಮಗು ಗೆಳೆಯರನ್ನೂ ಆಟವನ್ನೂ ಬಿಟ್ಟಿದ್ದರೆ, ಉಸಿರುಗಟ್ಟುವಂತೆ ಹೆದರುತ್ತಿದ್ದರೆ, ಸಾಯುವ ಮಾತಾಡಿದರೆ ಎರಡು ವಾರವೂ ಕಾಯಬಾರದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲ ಮತ್ತು ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ನಮಗೆ ಹತ್ತಿರದಲ್ಲೇ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಂತಹ ಹೆದರಿಕೆಗೆ ಸಾಮಾನ್ಯವಾಗಿ ಮೊದಲು ಕೊಡುವುದು ಮಾತ್ರೆಯನ್ನಲ್ಲ. ಹೆದರಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸಲು ಮಗುವಿಗೂ ಹೆತ್ತವರಿಗೂ ಕಲಿಸುವ ಆಪ್ತಸಮಾಲೋಚನೆಯನ್ನು. ಕಲಿಕೆಯ ನ್ಯೂನತೆ ಗೊತ್ತಾದರೆ ಅದನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ ಎಂಬುದನ್ನು ನೆನಪಿಡಿ. ಪ್ರಮಾಣಪತ್ರ ಪಡೆಯಲು ನಾಚಿಕೆಪಡಬೇಕಾಗಿಲ್ಲ.

ಒಬ್ಬ ವ್ಯಕ್ತಿಯ ಹೆಸರು ಕೇಳಿದೊಡನೆ ಬೆಚ್ಚುವುದು, ವ್ಯಾನಿಗೆ ಮಾತ್ರ ಹತ್ತಲೊಲ್ಲದಿರುವುದು, ಬಟ್ಟೆ ಬದಲಿಸುವಾಗ ಹೆದರುವುದು, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು ಇವು ಒಟ್ಟಾಗಿ ಕಂಡರೆ ಲೈಂಗಿಕ ಕಿರುಕುಳದ ಸಾಧ್ಯತೆಯನ್ನು ಯೋಚಿಸಲೇಬೇಕು. ಆಗ ಮಗುವನ್ನು ಆ ಜಾಗಕ್ಕೆ ಕಳುಹಿಸಬೇಡಿ. ಮೇಲೆ ಹೇಳಿದ ದಿನಾ ಕಳುಹಿಸುವ ಸೂತ್ರ ಇಲ್ಲಿ ಸಲ್ಲದು. ಮಗು ಹೇಳಿದ್ದನ್ನು ನಂಬಿ, ಮತ್ತೆಮತ್ತೆ ಕೆದಕದೆ, ಅದರದೇ ಮಾತಿನಲ್ಲಿ ಬರೆದಿಟ್ಟುಕೊಂಡು 1098ಕ್ಕೋ ಪೊಲೀಸರಿಗೋ ತಿಳಿಸಿ. 2012ರ ಪೋಕ್ಸೊ ಕಾಯ್ದೆಯಡಿ ಮಗುವಿನ ಗುರುತನ್ನು ಬಹಿರಂಗಪಡಿಸುವಂತಿಲ್ಲ.

ಶಾಲೆ ಬದಲಿಸುವ ಯೋಚನೆ ಎಲ್ಲ ಹೆತ್ತವರಿಗೂ ಬರುತ್ತದೆ. ಕಿರುಕುಳ ನಿಲ್ಲದಿದ್ದರೆ, ಮಾಧ್ಯಮದ ಭಾಷೆ ಮಗುವಿಗೆ ಹೊರಲಾರದ ಹೊರೆಯಾಗಿದ್ದರೆ ಬದಲಿಸುವುದು ಸರಿ. ಕಾರಣ ತಿಳಿಯುವ ಮೊದಲೇ ಬದಲಿಸಿದರೆ, ಕೆಲವು ವಾರಗಳ ಬಳಿಕ ಅದೇ ಹೊಟ್ಟೆನೋವು ಹೊಸ ಶಾಲೆಯ ಬೆಳಗಿನಲ್ಲೂ ಬರುತ್ತದೆ. ನಿರ್ಧರಿಸುವ ಮೊದಲು ಒಂದು ಸಣ್ಣ ನೋಟ್ ಪುಸ್ತಕದಲ್ಲಿ ಒಂದು ತಿಂಗಳ ಮಟ್ಟಿಗೆ ದಿನಾಂಕ, ಆ ದಿನದ ಪಾಠಗಳು, ನೋವು ಶುರುವಾದ ಮತ್ತು ನಿಂತ ಹೊತ್ತು, ಯಾರು ಬಿಟ್ಟುಬಂದರು, ಎಷ್ಟು ಹೊತ್ತು ಅತ್ತಿತು, ರಾತ್ರಿ ಎಷ್ಟಕ್ಕೆ ಮಲಗಿತು ಎಂಬುದನ್ನು ಬರೆದಿಡಿ. ಶಿಕ್ಷಕರನ್ನಾಗಲಿ ತಜ್ಞರನ್ನಾಗಲಿ ಕಾಣಲು ಹೋಗುವಾಗ ಆ ಪುಸ್ತಕವನ್ನು ತಪ್ಪದೆ ಕೊಂಡೊಯ್ಯಿರಿ. ಅವರು ಕೇಳುವ ಮೊದಲ ಹತ್ತು ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಅದರಲ್ಲೇ ಇರುತ್ತದೆ.